ಗುನುಗಿದರೆ ಹೊರಡುವ ಟ್ರಕ್ಕು

ಘಟನೆಗಳು ನಡೆದ ಕ್ರಮವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಲೋಸ್ ಅಲಮಿತೋಸ್ ಊರಿನಲ್ಲಿ ಈಗ ಅವನ್ನು ಹಿಂದುಮುಂದಾಗಿ ಹೇಳುವವರೇ ಹೆಚ್ಚು. ಒಂದು ವಸಂತದಲ್ಲಿ ಅಲ್ಬುಕರ್ಕಿ ನಗರದಲ್ಲಿ ಒಂದು ಮದುವೆ ನಡೆಯಿತು. ಮದುವೆಯ ಬಳಿಕ ಪೊಲೀಸರು ಬಂದರು, ಪೊಲೀಸರ ಬಳಿಕ ನ್ಯಾಯಾಧೀಶೆ, ನ್ಯಾಯಾಧೀಶೆಯ ಬಳಿಕ ಜೂನ್ ಒಂದರಂದು ಯಂತ್ರ. ಯಂತ್ರದಿಂದ ಗುನುಗು ಹುಟ್ಟಿತು, ಗುನುಗಿನಿಂದ ಕೀರ್ತಿ, ಕೀರ್ತಿಯಿಂದ ಮರುವರ್ಷದ ಮೇ ತಿಂಗಳಲ್ಲಿ ಬೇಸಾಯಗಾರರ ಸಂತನಾದ ಸಾನ್ ಇಸಿದ್ರೊನ ಮೆರವಣಿಗೆ. ಊರಿನವರು ನಂಬಿರುವಂತೆ ಭಕ್ತಿ ಮೊದಲು ಬಂದು ಗುನುಗು ಆಮೇಲೆ ಬಂದದ್ದಲ್ಲ.

ಓನೋಫ್ರೆ ಮಾಯೆಸ್ತಾಸ್ ಬೇಸಿಗೆಯಲ್ಲಿ ಮನೆಮನೆಯ ಮಾಡು ಹತ್ತಿ ಏರ್ ಕೂಲರ್ ದುರಸ್ತಿ ಮಾಡುವವನು, ಚಳಿಗಾಲದಲ್ಲಿ ಅದೇ ಮಾಡುಗಳನ್ನು ಹತ್ತಿ ಒಲೆಯ ಹೊಗೆಕೊಳವೆ ಗುಡಿಸುವವನು. ಟ್ರಕ್ಕಿಲ್ಲದೆ ಅವನ ಏಣಿ ಎಲ್ಲಿಗೂ ಹೋಗದು, ಏಣಿಯಿಲ್ಲದೆ ಅವನು ಎಲ್ಲಿಗೂ ಏರಲಾರ. ಅಲ್ಬುಕರ್ಕಿಯ ಮದುವೆಯಲ್ಲಿ ಅವನು ವಧುವಿನ ಆರೋಗ್ಯಕ್ಕೆಂದು ಕುಡಿದ, ವರನ ಆರೋಗ್ಯಕ್ಕೆಂದು ಕುಡಿದ, ಕೊನೆಗೆ ಅಕಾರ್ಡಿಯನ್ ನುಡಿಸುವವನ ಆರೋಗ್ಯಕ್ಕೂ ಕುಡಿದ. ಇಷ್ಟು ಜನರ ಆರೋಗ್ಯ ನೆಟ್ಟಗಾದ ಮೇಲೆ ತನ್ನದೂ ನೆಟ್ಟಗಿರಬೇಕೆಂದು ಊಹಿಸಿ ಸ್ಟಿಯರಿಂಗ್ ಹಿಡಿದ. ಹಸಿರು ದೀಪಕ್ಕೆ ವಿನಯದಿಂದ ನಿಂತು, ಕೆಂಪು ದೀಪ ಬಂದೊಡನೆ ಹೊರಟ ಟ್ರಕ್ಕನ್ನು ಪೊಲೀಸರು ಅಲ್ಲಿಯೇ ತಡೆದರು. ಯಾರಿಗೂ ಏನೂ ಆಗಿರಲಿಲ್ಲ. ಆಗಬಹುದಿತ್ತು ಎಂದು ನ್ಯಾಯಾಧೀಶೆ ಹೇಳಿದರು. ಓನೋಫ್ರೆ ತಲೆ ತಗ್ಗಿಸಿ ಒಪ್ಪಿಕೊಂಡ. ಅಂದಿನಿಂದ ಅವನು ಬಾಟಲಿಯ ಕಡೆ ತಿರುಗಿಯೂ ನೋಡಿಲ್ಲ. ಮುಂದೆ ಬರುವ ಸಾಕ್ಷ್ಯಗಳು ಇದಕ್ಕೆ ವಿರುದ್ಧವಾಗಿ ಕಾಣುವ ಸಂಭವವಿರುವುದರಿಂದ ಓದುಗರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಶಿಕ್ಷೆ ಇಷ್ಟೇ: ಒಂದು ವರ್ಷ ಅವನ ಟ್ರಕ್ಕಿನಲ್ಲಿ ಉಸಿರು ಪರೀಕ್ಷಿಸುವ ಯಂತ್ರವಿರಬೇಕು. ಉಸಿರಿನಲ್ಲಿ ಮದ್ಯವಿದ್ದರೆ ಟ್ರಕ್ಕು ಸ್ಟಾರ್ಟ್ ಆಗುವುದಿಲ್ಲ. ಕೊನೆಯ ತಿಂಗಳುಗಳಲ್ಲಿ ಒಂದು ತಪ್ಪು ದಾಖಲಾದರೂ ಅವಧಿ ಮತ್ತೆ ಬೆಳೆಯುತ್ತದೆ. ಎಸ್ಪನ್ಯೋಲಾ ಪಟ್ಟಣದ ಅಂಗಡಿಯಲ್ಲಿ ಅದನ್ನು ಜೋಡಿಸಿದವಳು ಡಾರ್ಲಾ ಎಂಬ ಯುವತಿ. ಸುರುಳಿ ವೈರಿನಲ್ಲಿ ನೇತಾಡುವ ಕಪ್ಪು ಊದುಗೊಳವೆಯನ್ನು ಅವನ ಕೈಗಿತ್ತಳು.

"ಊದ್ಬೇಕು. ಊದ್ತಾ ಊದ್ತಾನೇ ಗುನುಗ್ಬೇಕು. ಬರೀ ಊದಿದ್ರೆ ಯಾರೋ ಬಲೂನ್ ಹಿಡಿದು ಮೋಸ ಮಾಡ್ತಿದ್ದಾರೆ ಅಂದ್ಕೊಳ್ಳುತ್ತೆ."

"ಯಾವ ರಾಗ?"

"ರಾಗ ಎಲ್ಲ ಬೇಡ ಸರ್. ಒಂದೇ ಸ್ವರ. ಹಸು ಕರುನ ಕರೆದ ಹಾಗೆ."

ಊದಿದಾಗೆಲ್ಲ ಯಂತ್ರದ ಕ್ಯಾಮೆರಾ ಊದಿದವರ ಫೋಟೊ ಹಿಡಿಯುತ್ತದೆ. ಟ್ರಕ್ಕು ಓಡುತ್ತಿರುವಾಗಲೂ ತನಗೆ ತೋಚಿದ ಹೊತ್ತಿಗೆ ಕುಂಯ್‌ಗುಟ್ಟಿ ಇನ್ನೊಂದು ಉಸಿರು ಕೇಳುತ್ತದೆ. ಉಸಿರು ಸಿಗದಿದ್ದರೆ, ಅಥವಾ ಸಿಕ್ಕ ಉಸಿರು ಕೆಟ್ಟದ್ದಾಗಿದ್ದರೆ, ಒಳ್ಳೆಯ ಉಸಿರು ಬರುವ ತನಕ ಹಾರ್ನು ಹೊಡೆದು, ದೀಪ ಮಿನುಗಿಸಿ ಊರಿಗೆಲ್ಲ ಸಾರುತ್ತದೆ.

ಈ ಸಾರುವಿಕೆಯೇ ಓನೋಫ್ರೆಯ ನಿದ್ರೆ ಕೆಡಿಸಿದ್ದು. ಅವನೂ ಅವನ ಹೆಂಡತಿ ಬರ್ನೀಸಳೂ ವಾಸವಿದ್ದದ್ದು ಅತ್ತೆ ದೋನ್ಯಾ ಎದುವಿಹೆನ್‌ಳ ಮನೆಯಲ್ಲಿ. ದೋನ್ಯಾಳ ಗಂಡ ಬದುಕಿದ್ದಷ್ಟು ಕಾಲ ಕುಡಿದು ಎರಡು ಸೇಬಿನ ತೋಟಗಳನ್ನು ಮುಗಿಸಿ ತೀರಿಕೊಂಡಿದ್ದ. ಕುಡುಕನಿಗೆ ತನ್ನ ಮೇಜಿನಲ್ಲಿ ಇನ್ನು ಕುರ್ಚಿಯಿಲ್ಲವೆಂದು ಅವಳು ಗಂಡನ ಶವಪೆಟ್ಟಿಗೆ ಮುಟ್ಟಿ ಹೇಳಿದ್ದಳು, ಹೇಳಿದ್ದನ್ನು ಬದಲಿಸುವ ಅಭ್ಯಾಸ ಅವಳಿಗಿರಲಿಲ್ಲ. ಓನೋಫ್ರೆಗೆ ಆ ಮೇಜಿನ ಕುರ್ಚಿ ಬಹಳ ಪ್ರಿಯ. ಅದರ ಎದುರಿಗೇ ಕೆಂಪು ಮೆಣಸಿನ ಸಾರಿನ ಪಾತ್ರೆ ಬಂದು ಕೂರುತ್ತಿತ್ತು.

ಮೊದಲ ಬೆಳಿಗ್ಗೆ ಅವನು ತಿಂಡಿಗೆ ಮೊದಲೇ ಪರೀಕ್ಷಿಸಿ ನೋಡಲೆಂದು ಅಂಗಳದಲ್ಲಿ ಟ್ರಕ್ಕು ಹತ್ತಿ, ಯಾರಿಗೂ ಕಾಣದಂತೆ ತಲೆ ಬಗ್ಗಿಸಿ, ಉದ್ದಕ್ಕೆ ಗುನುಗಿದ. ಕೆಳಗೆ ಬಗ್ಗಿದರೆ ಸದ್ದೂ ಬಗ್ಗುತ್ತದೆಂದು ಅವನ ಲೆಕ್ಕ. ಅಡುಗೆಮನೆಯ ಕಿಟಕಿ ತೆರೆದಿತ್ತು.

ತಿಂಡಿಗೆ ಎಲ್ಲರೂ ಕೂತಾಗ ದೋನ್ಯಾ ಟೋರ್ತಿಯಾ ಲಟ್ಟಿಸುತ್ತ ಕೇಳಿದಳು: "ಮಗಾ, ಟ್ರಕ್ಕಲ್ಲಿ ಬಗ್ಗಿ ಕೂತ್ಕೊಂಡು ನರಳ್ತಿದ್ದೆಯಲ್ಲ, ಹೊಟ್ಟೆನೋವಾ?"

"ಇಲ್ಲ ಅತ್ತೆ."

"ಹಲ್ಲಾ?"

"ಹಲ್ಲು ಚೆನ್ನಾಗಿದೆ ಅತ್ತೆ."

"ನಮ್ಮ ಲಾಲೊಗೆ ಆಸ್ತಮಾ ಬಂದಿತ್ತಲ್ಲ, ಆಗ ಅವನೂ ಹೀಗೇ. ಟ್ರಕ್ಕಲ್ಲಿ ಕೂತು ಏನೋ ಕೊಳವೆ ಊದ್ತಿದ್ದ. ಸರಿಯಾಗಿ ಒಂದು ವರ್ಷಕ್ಕೆ ವಾಸಿ ಆಯ್ತು."

ಬರ್ನೀಸಳ ತಮ್ಮ ಲಾಲೊ ಮೇಜಿನ ತುದಿಯಲ್ಲಿ ಕೂತಿದ್ದ. ಅವನ ಗಂಟಲಿಗೆ ಬೀನ್ಸ್ ಸಿಕ್ಕಿಕೊಂಡಿತು. ಆಸ್ತಮಾ ಮರುಕಳಿಸಿತೇನೋ ಎಂಬಷ್ಟು ಕೆಮ್ಮಿದ. ಒಂದೇ ಮನೆಗೆ ಎರಡನೆಯ ಆಸ್ತಮಾ ತರುವುದು ಸಂಶಯಾಸ್ಪದವೆಂದು ಓನೋಫ್ರೆಗೆ ಹೊಳೆಯಿತು. ಬೇರೇನೂ ಹೊಳೆಯಲಿಲ್ಲ.

"ಪ್ರಾರ್ಥನೆ ಅತ್ತೆ," ಎಂದ.

ಲಟ್ಟಣಿಗೆ ನಿಂತಿತು. "ಏನು?"

"ಕೆಲಸಕ್ಕೆ ಹೊರಡೋ ಮುಂಚೆ... ಒಂದು ಪ್ರಾರ್ಥನೆ."

"ಅಲಬಾದೊನಾ? ಹಳೇ ಕಾಲದವರು ಹಾಡ್ತಿದ್ದದ್ದಾ?"

ಊರಿದ್ದ ಆ ಕಣಿವೆಯ ಮುದುಕರು ವಾದ್ಯವಿಲ್ಲದೆ ಹಾಡುವ ಸ್ತುತಿಪದಗಳು ಒಂದು ದೀರ್ಘವಾದ, ಶೋಕಭರಿತವಾದ ಸ್ವರದಿಂದಲೇ ಆರಂಭವಾಗುತ್ತವೆ. ಹೋಲಿಕೆ ನಿರಾಕರಿಸುವಂತಿರಲಿಲ್ಲ. "ಅದೇ," ಎಂದ ಓನೋಫ್ರೆ.

ದೋನ್ಯಾ ಲಟ್ಟಣಿಗೆಯನ್ನು ಬದಿಗಿಟ್ಟಳು. ಆಮೇಲೆ ಹೆಚ್ಚುವರಿ ಟೋರ್ತಿಯಾ ಒಂದನ್ನು ಅವನ ತಟ್ಟೆಗೆ ಹಾಕಿ, ಶಾಲು ಹೊದ್ದು, ಪಕ್ಕದ ಮನೆಗೆ ಹೊರಟಳು.

"ಮುಗೀತು," ಎಂದಳು ಬರ್ನೀಸ್. "ಮಧ್ಯಾಹ್ನಕ್ಕೆ ಪೋಸ್ಟ್ ಆಫೀಸಿಗೆ ಮುಟ್ಟುತ್ತೆ. ದೇವರ ಹೆಸರಲ್ಲಿ ಸುಳ್ಳು ಹೇಳೋ ಗಂಡ ಸಿಕ್ಕ ನಂಗೆ."

"ಭಾವ, ಆಸ್ತಮಾ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದ ಲಾಲೊ. "ಈಗ ನೋಡು, ಭಾನುವಾರ ಮಲಗೋ ಹಾಗಿಲ್ಲ ನೀನು."

ಬರ್ನೀಸಳ ಅಂದಾಜಿನಲ್ಲಿ ತಪ್ಪಿದ್ದರೆ ಅದು ವೇಗದ ವಿಷಯದಲ್ಲಿ ಮಾತ್ರ. ಸುದ್ದಿ ಹತ್ತು ಗಂಟೆಗೇ ಪೋಸ್ಟ್ ಆಫೀಸು ತಲುಪಿತ್ತು. ಕೆಲವು ದಿನಗಳಲ್ಲಿ ಓನೋಫ್ರೆ ದಿನಸಿ ಅಂಗಡಿಯ ಮುಂದೆ ಟ್ರಕ್ಕು ನಿಲ್ಲಿಸಿ, ಇಂಜಿನ್ ಆಫ್ ಮಾಡುವಷ್ಟರಲ್ಲಿ ಯಂತ್ರ ಕುಂಯ್‌ಗುಟ್ಟಿತು. ಅವನು ಬಗ್ಗಿ ಗುನುಗಿದ. ತಲೆ ಎತ್ತಿದಾಗ ಕಿಟಕಿಯ ಆಚೆ ಈರುಳ್ಳಿ ಚೀಲ ಹಿಡಿದ ಹೆಂಗಸೊಬ್ಬಳು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು.

"ನಿಲ್ಲಿಸ್ಬೇಡಿ, ನಿಲ್ಲಿಸ್ಬೇಡಿ," ಎಂದಳು. "ನಮ್ಮ ಯಜಮಾನ್ರಿಗೆ ಶುಕ್ರವಾರ ಮೊಣಕಾಲು ಆಪರೇಷನ್. ಅವರದ್ದೂ ಸೇರಿಸ್ಕೊಳ್ಳಿ."

ಓನೋಫ್ರೆ ಸೇರಿಸಿಕೊಂಡ. ಮೊಣಕಾಲು ಚೆನ್ನಾಗಿ ಆಯಿತು. ಅದರಿಂದಾದ ನಷ್ಟ ಅಪಾರ: ಡ್ರೈವಿಂಗ್ ಪರೀಕ್ಷೆಗೆ ಹೋಗುವವರು, ಬಸುರಿಯರು, ಹಾಲು ಕೊಡದ ಮೇಕೆಯ ಮಾಲೀಕರು, ಎಲ್ಲರೂ ಅವನ ಟ್ರಕ್ಕಿನ ಪಕ್ಕ ಬಂದು ನಿಲ್ಲತೊಡಗಿದರು. ಆ ಯಂತ್ರ ಏನೆಂದು ಗೊತ್ತಿದ್ದ ಗಂಡಸರು ಕಣಿವೆಯಲ್ಲಿ ಇಲ್ಲದಿರಲಿಲ್ಲ. ಅವರಲ್ಲಿ ಹಲವರು ಸ್ವಂತ ಅನುಭವದಿಂದಲೇ ಬಲ್ಲವರಾದ್ದರಿಂದ ಟೋಪಿ ಎತ್ತಿ, ಬಹಳ ಗಂಭೀರವಾಗಿ ವಂದಿಸಿ, ಮೂಲೆ ತಿರುಗಿದ ಮೇಲೆ ನಕ್ಕರು. ಬಾಯಿ ಮಾತ್ರ ಬಿಡಲಿಲ್ಲ.

ಏಪ್ರಿಲ್ ಕೊನೆಯಲ್ಲಿ, ಯಂತ್ರ ಕಳಚಲು ತಿಂಗಳಷ್ಟೇ ಉಳಿದಿದ್ದಾಗ, ದೋನ್ ತಿಬುರ್ಸಿಯೊ ಕೋಲೂರುತ್ತ ಬಂದರು. ಊರಿನ ಸ್ತುತಿಪದಗಳನ್ನೆಲ್ಲ ಅರ್ಧ ಶತಮಾನ ನಡೆಸಿಕೊಂಡು ಬಂದ ಹಿರಿಯರು. ಕೋಟಿನ ಒಳಜೇಬಿನಲ್ಲಿ ಸದಾ ಒಂದು ಚಪ್ಪಟೆ ಶೀಸೆ. ಅದರಲ್ಲಿ ಅವರೇ ಕಾಡುಚೆರಿಯಿಂದ ಇಳಿಸಿದ ವೈನು. ಅದು ಗಂಟಲಿಗೆಂದು ಅವರು ಹೇಳುತ್ತಿದ್ದರು, ಗಂಟಲಿನ ಮೂಲಕವೇ ಹೋಗುತ್ತಿದ್ದುದರಿಂದ ಅದನ್ನು ಸುಳ್ಳೆನ್ನಲಾಗದು.

"ನನ್ನ ಧ್ವನಿ ಹೋಯ್ತಪ್ಪಾ ಓನೋಫ್ರೆ," ಎಂದರು, ಒಂದು ಗುಟುಕು ಔಷಧಿ ತೆಗೆದುಕೊಂಡು. "ಸಂತನ್ನ ಹೊರೋರಿಗೆ ಮೊಣಕಾಲು ಹೋಯ್ತು. ಈ ಸಲ ಸಂತ ನಿನ್ನ ಟ್ರಕ್ಕಲ್ಲಿ ಬರ್ಲಿ, ಸ್ವರ ನೀನು ಎತ್ತು. ಎಲ್ಲಿ, ಒಂದ್ಸಲ ಕೊಡು ನೋಡೋಣ."

"ಈಗ್ಲಾ?"

"ಈಗಲ್ದೆ ನಾನು ಸತ್ಮೇಲಾ?"

ಓನೋಫ್ರೆಗೆ ಟ್ರಕ್ಕಿನ ಹೊರಗೆ ಸ್ವರವೇ ಬರುತ್ತಿರಲಿಲ್ಲ. ಒಳಗೆ ಕೂತು ಊದುಗೊಳವೆ ಹಿಡಿದು ಗುನುಗಿದ. ಹಸಿರು ದೀಪ ಹೊತ್ತಿತು. ಮುದುಕರ ಕಣ್ಣು ಒದ್ದೆಯಾಯಿತು.

"ನಮ್ಮಪ್ಪ ಎತ್ತುತ್ತಿದ್ದ ಸ್ವರ ಕಣೋ ಇದು! ಅದೇನು ಕೈಲಿ?"

"ಇದಾ... ಸ್ವರ ಸರಿ ಇದ್ರೆ ಹಸಿರು ದೀಪ ಬರುತ್ತೆ. ಇಲ್ದಿದ್ರೆ ಟ್ರಕ್ಕು ಹೊರಡಲ್ಲ."

ಈ ವಾಕ್ಯದಲ್ಲಿ ಸುಳ್ಳಿನ ಪ್ರಮಾಣ ಎಷ್ಟೆಂದು ನಿರ್ಧರಿಸುವುದು ಕಷ್ಟ. ದೋನ್ ತಿಬುರ್ಸಿಯೊ ಟ್ರಕ್ಕಿನ ಬಾನೆಟ್ಟನ್ನು ಕರುವಿನ ಬೆನ್ನಿನಂತೆ ಸವರಿದರು. "ಪ್ರಾರ್ಥನೆ ಇಲ್ದೆ ಹೊರಡದ ಟ್ರಕ್ಕು! ಈಗಿನ ಕಾಲದೋರಿಗೆ ಭಕ್ತಿ ಇಲ್ಲ ಅಂತಾರಲ್ಲ, ಬಂದು ನೋಡ್ಲಿ ಅವರು."

ಹಬ್ಬದ ದಿನ ಬೆಟ್ಟದ ನೆತ್ತಿಯಲ್ಲಿ ಇನ್ನೂ ಹಿಮವಿತ್ತು, ಕಾಲುವೆಯಲ್ಲಿ ನೀರು ಬಂದಿತ್ತು. ಓನೋಫ್ರೆ ಟ್ರಕ್ಕನ್ನು ತೊಳೆದು ಚರ್ಚಿನ ಬಾಗಿಲಿಗೆ ತಂದು ನಿಲ್ಲಿಸಿದ್ದ. ಬಲಿಪೂಜೆಯ ಕೊನೆಯಲ್ಲಿ ಫಾದರ್ ಮೆಲ್ಕಿಯೋರ್ ಪಾನಪಾತ್ರೆ ಎತ್ತಿ, "ಮೊದಲು ಸಂತನ ಸಾರಥಿ ಬರಲಿ," ಎಂದರು.

ಓನೋಫ್ರೆ ಎದ್ದ. ಪ್ರಸಾದದ ರೊಟ್ಟಿ ಮಾತ್ರ ಸಾಕೆನ್ನಲು ಬಾಯಿ ತೆರೆದ. ಮುಂದಿನ ಸಾಲಿನಲ್ಲಿ ಅತ್ತೆ ಕೂತಿದ್ದಳು, ಅವಳ ಹಿಂದೆ ಇಡೀ ಕಣಿವೆ. ತೆರೆದ ಬಾಯಿಯನ್ನು ಫಾದರ್ ಸಮ್ಮತಿಯೆಂದು ಭಾವಿಸಿ ಪಾತ್ರೆಯನ್ನು ತುಟಿಗೆ ಒತ್ತಿದರು. ಪವಿತ್ರ ದ್ರಾಕ್ಷಾರಸವನ್ನು ಲೋಸ್ ಅಲಮಿತೋಸ್‌ನಲ್ಲಿ ಯಾರೂ ಮದ್ಯವೆಂದು ಎಣಿಸುವುದಿಲ್ಲ. ಆದರೆ ಯಂತ್ರಕ್ಕೆ ದೇವತಾಶಾಸ್ತ್ರದ ಶಿಕ್ಷಣವಾಗಿರಲಿಲ್ಲ.

ಸಂತನನ್ನು, ಅವನ ಮರದ ಎತ್ತುಗಳ ಸಮೇತ, ಟ್ರಕ್ಕಿನ ಹಿಂಭಾಗದಲ್ಲಿ ಹೂಗಳ ನಡುವೆ ನಿಲ್ಲಿಸಿದರು. ದೋನ್ ತಿಬುರ್ಸಿಯೊ ಪಕ್ಕದ ಸೀಟು ಹತ್ತಿದರು. ಜನ ಸ್ತಬ್ಧರಾದರು. ಓನೋಫ್ರೆ ಬಗ್ಗಿ ಗುನುಗಿದ. ಕೆಂಪು ದೀಪ.

"ಹಸಿರು ಬರ್ಲಿಲ್ಲವಲ್ಲಪ್ಪಾ," ಎಂದರು ಮುದುಕರು.

ಓನೋಫ್ರೆಯ ಬೆನ್ನಿನಲ್ಲಿ ಬೆವರು ಇಳಿಯಿತು. ಬಾಯಲ್ಲಿ ಉಳಿದ ಹನಿ ಕಾಲು ಗಂಟೆಯಲ್ಲಿ ತಾನಾಗಿ ಹೋಗುತ್ತದೆ, ಆಗ ಮತ್ತೆ ಊದಿದರೆ ತಪ್ಪೆಂದು ಎಣಿಸುವುದಿಲ್ಲ. ಡಾರ್ಲಾ ಹಾಗೆ ಹೇಳಿದ್ದಳು. ಅವನಿಗೆ ಬೇಕಾದದ್ದು ಕಾಲು ಗಂಟೆ ಮತ್ತು ಒಂದು ನೆಪ.

"ದೋನ್ ತಿಬುರ್ಸಿಯೊ, ಹಾಡು ಪೂರ್ತಿ ಹಾಡ್ದೆ ಸಂತ ಹೊರಡಬಾರದು ಅನ್ನಿಸುತ್ತೆ ನಂಗೆ."

"ಪೂರ್ತಿಯಾ? ಎಲ್ಲಾ ಚರಣಾನಾ?"

"ಎಲ್ಲಾ."

ಎಷ್ಟೋ ವರ್ಷಗಳಿಂದ ಊರಿನವರು ಆ ಪದವನ್ನು ಎರಡು ಚರಣಕ್ಕೆ ಕತ್ತರಿಸಿ, ಉಳಿದ ಹೊತ್ತನ್ನು ಊಟಕ್ಕೆ ಕೊಟ್ಟುಬಿಟ್ಟಿದ್ದರು. ಮುದುಕರು ಕಿಟಕಿಯಿಂದ ಅರ್ಧ ದೇಹ ಹೊರಹಾಕಿ ಕೂಗಿದರು: "ಟೋಪಿ ತೆಗೀರಿ! ಪೂರ್ತಿ ಹಾಡ್ಬೇಕಂತೆ! ಓನೋಫ್ರೆ ಹೇಳ್ತಿದಾನೆ!" ಹಬ್ಬದೂಟಕ್ಕೆ ಪೊಸೋಲೆ ಸಾರು ಕುದಿಸುತ್ತಿದ್ದ ಹೆಂಗಸರು ಒಲೆಯ ಉರಿ ತಗ್ಗಿಸಿದರು. ಹಾಡು ಸಂತನ ಹುಟ್ಟಿನಿಂದ ಶುರುವಾಗಿ, ಅವನ ಪರವಾಗಿ ದೇವದೂತರು ಉತ್ತ ಹೊಲ, ಅವನ ಜಿಪುಣ ಧಣಿ, ಬಾವಿಗೆ ಬಿದ್ದು ಬದುಕಿದ ಮಗು ಎಲ್ಲವನ್ನೂ ದಾಟಿ ಬಹಳ ನಿಧಾನವಾಗಿ ಸಾಗಿತು. ಹಾಡು ಮುಗಿದು ಓನೋಫ್ರೆ ಊದಿದಾಗ ದೀಪ ಹಸಿರಾಯಿತು, ಟ್ರಕ್ಕು ಹೊರಟಿತು. ಪೂರ್ತಿ ಪದ ಕೇಳಿದ ಮೇಲೆಯೇ ಸಂತ ಕದಲಿದನೆಂಬುದಕ್ಕೆ ಈಗ ಊರೆಲ್ಲ ಸಾಕ್ಷಿಯಾಯಿತು.

ಟ್ರಕ್ಕು ಕಾಲುವೆಯ ಏರಿಯ ಮೇಲೆ ನಡಿಗೆಯ ವೇಗದಲ್ಲಿ ಸಾಗಿತು. ಮುಂದೆ ಫಾದರ್ ಹೊಲಗಳಿಗೆ ಪವಿತ್ರಜಲ ಚಿಮುಕಿಸುತ್ತಿದ್ದರು, ಪಕ್ಕದಲ್ಲಿ ಜನ, ಹಿಂದೆ ಲಾಲೊನ ಟ್ರಕ್ಕು, ಅದರ ಹಿಂದೆ ನಡೆಯಲಾರದವರನ್ನು ಹೊತ್ತ ವಾಹನಗಳ ಸಾಲು. ಇನ್ನೇನು ಮುಗಿಯಿತೆಂದು ಓನೋಫ್ರೆ ಸಮಾಧಾನದ ಉಸಿರೆಳೆದ. ಆ ಉಸಿರಿಗೇ ಕಾದಿದ್ದಂತೆ ಯಂತ್ರ ಕುಂಯ್‌ಗುಟ್ಟಿತು.

ಅವನು ಟ್ರಕ್ಕು ನಿಲ್ಲಿಸಿ ಕೈ ಚಾಚುವ ಮೊದಲೇ ದೋನ್ ತಿಬುರ್ಸಿಯೊ ಊದುಗೊಳವೆಯನ್ನು ಕಿತ್ತುಕೊಂಡಿದ್ದರು.

"ಈ ಸಲ ನಾನು."

"ಬೇಡ ಬೇಡ, ಕೊಡಿ ಇಲ್ಲಿ, ಅದು ನನಗೇ—"

"ಐವತ್ತು ವರ್ಷ ಸ್ವರ ಎತ್ತಿದೋನಿಗೆ ಒಂದು ಹಸಿರು ದೀಪ ಬರ್ಸೋಕಾಗಲ್ವೇನೋ? ಸುಮ್ನಿರು, ಪೊರ್ಕಿ." ಮುದುಕರು ಟೋಪಿಯನ್ನು ಎದೆಗೊತ್ತಿ, ಕಣ್ಣು ಮುಚ್ಚಿ, ಪೂರ್ತಿ ಹಾಡಿನುದ್ದಕ್ಕೂ ಶೀಸೆಯಿಂದ ಶುಶ್ರೂಷೆ ಪಡೆದ ಗಂಟಲನ್ನು ತೆರೆದು, ಯಂತ್ರದೊಳಗೆ ಉದ್ದಕ್ಕೆ, ಆಳವಾಗಿ, ಅತ್ಯಂತ ಶ್ರುತಿಬದ್ಧವಾಗಿ ಗುನುಗಿದರು.

ಹಾರ್ನು ಹೊಡೆದುಕೊಳ್ಳತೊಡಗಿತು. ಮುಂದಿನ ದೀಪ, ಹಿಂದಿನ ದೀಪ, ಎಲ್ಲವೂ ಮಿನುಗಿದವು. ಫಾದರ್ ಬೆಚ್ಚಿ ಪವಿತ್ರಜಲವನ್ನೆಲ್ಲ ಒಂದೇ ಮೂಲಂಗಿ ಪಾತಿಗೆ ಸುರಿದರು. ಜನ ತಿರುಗಿದರು. ದೋನ್ಯಾ ಎದುವಿಹೆನ್ ಶಾಲು ಬಿಗಿದುಕೊಂಡು ಟ್ರಕ್ಕಿನ ಕಡೆ ಹೆಜ್ಜೆ ಹಾಕಿದಳು. ಓನೋಫ್ರೆಗೆ ತನ್ನ ಕುರ್ಚಿ ಅಂಗಳದಲ್ಲಿ ಬಿದ್ದಿರುವುದು ಕಣ್ಣಿಗೆ ಕಟ್ಟಿತು.

ಆಗ ಹಿಂದಿನಿಂದ ಇನ್ನೊಂದು ಹಾರ್ನು ಕೇಳಿತು. ಆ ಸದ್ದಿನ ಅರ್ಥ ಬಲ್ಲ ಲಾಲೊ ಒಂದು ಕ್ಷಣವೂ ತಡಮಾಡದೆ ತನ್ನ ಹಾರ್ನನ್ನು ಎರಡೂ ಕೈಯಲ್ಲಿ ಒತ್ತಿದ್ದ. "ವಿವಾ ಸಾನ್ ಇಸಿದ್ರೊ!" ಎಂದು ಜೈಕಾರ ಕೂಗಿದ. ಅವನ ಹಿಂದೆ, ಸ್ವಂತ ಅನುಭವವುಳ್ಳವರ ಟ್ರಕ್ಕುಗಳೆಲ್ಲ ಒಂದೊಂದಾಗಿ ಹಾರ್ನು ಹೊಡೆದು ದೀಪ ಮಿನುಗಿಸಿದವು. ಏನೂ ತಿಳಿಯದವರು ತಾವು ಹಿಂದೆ ಬೀಳಬಾರದೆಂದು ಇನ್ನೂ ಜೋರಾಗಿ ಹೊಡೆದರು. ಹೆಂಗಸರು ಚಪ್ಪಾಳೆ ತಟ್ಟಿದರು. ಫಾದರ್ ಮೆಲ್ಕಿಯೋರ್ ಕೂಡ ಚೇತರಿಸಿಕೊಂಡು ಗಂಟೆ ಬಾರಿಸಿದರು. ಆ ಗದ್ದಲದ ನಡುವೆ ಓನೋಫ್ರೆ ಊದುಗೊಳವೆಯನ್ನು ಕಸಿದುಕೊಂಡು ಗುನುಗಿದ. ಹಸಿರು ಬಂತು, ಅವನ ಹಾರ್ನು ನಿಂತಿತು, ಉಳಿದವರದ್ದು ನಿಲ್ಲಲಿಲ್ಲ.

"ನೋಡಿದ್ಯಾ?" ಎಂದರು ದೋನ್ ತಿಬುರ್ಸಿಯೊ, ಶೀಸೆಗೆ ಬಿರಡೆ ಹಾಕುತ್ತ. "ನೀನು ಊದಿದ್ರೆ ಬರೀ ದೀಪ. ನಾನು ಊದಿದ್ರೆ ಇಡೀ ಕಣಿವೆ ಕೂಗುತ್ತೆ."

ಮೇ ಕೊನೆಯಲ್ಲಿ ಓನೋಫ್ರೆ ಡಾರ್ಲಾಳ ಮುಂದೆ ನಿಂತ. ಅವಳು ಪರದೆಯ ಮೇಲೆ ಫೋಟೊಗಳನ್ನು ಸರಿಸಿದಳು. ಬಗ್ಗಿದ ಓನೋಫ್ರೆ, ಬಗ್ಗಿದ ಓನೋಫ್ರೆ, ಬೆವರಿದ ಓನೋಫ್ರೆ. ಆಮೇಲೆ, ಎದೆಗೆ ಟೋಪಿ ಒತ್ತಿ ಸ್ವರ್ಗದ ಕಡೆ ಮುಖ ಮಾಡಿದ ಒಬ್ಬ ವೃದ್ಧ.

"ಇದ್ಯಾರು?"

"ದೋನ್ ತಿಬುರ್ಸಿಯೊ. ತಡೆಯೋಕಾಗ್ಲಿಲ್ಲ."

"ಇವರಿಗೆ ಲೈಸೆನ್ಸ್ ಇದೆಯಾ?"

"ಕುದುರೆ ಇತ್ತು."

"ಕುಡಿದೋರು ಬೇರೆಯೋರ ಕೈಲಿ ಊದಿಸಿ ತಪ್ಪಿಸ್ಕೊಳ್ಳೋದನ್ನ ದಿನಾ ನೋಡ್ತೀನಿ," ಎಂದಳು ಡಾರ್ಲಾ. "ಕುಡೀದೇ ಇರೋನು ಕುಡಿದೋರ ಕೈಲಿ ಊದಿಸಿ ಸಿಕ್ಕಿಬೀಳೋದನ್ನ ಇದೇ ಮೊದಲು ನೋಡಿದ್ದು." ಮೇಲಿನವರಿಗೆ ಫೋನು ಮಾಡಿದಳು, ಮರುಕ್ಷಣವೇ ಬಂದ ಓನೋಫ್ರೆಯ ಶುದ್ಧ ಉಸಿರನ್ನು ವಿವರಿಸಿದಳು, ಎರಡು ಸಲ ನಕ್ಕಳು. ಆಮೇಲೆ ಸ್ಕ್ರೂಡ್ರೈವರ್ ತಂದು ಯಂತ್ರ ಕಳಚಿದಳು.

ಮರುದಿನ ಬೆಳಿಗ್ಗೆ ಓನೋಫ್ರೆ ಟ್ರಕ್ಕು ಹತ್ತಿ, ನೆಟ್ಟಗೆ ಕೂತು, ಕೀ ತಿರುಗಿಸಿದ. ಇಂಜಿನ್ ತಕ್ಷಣ ಎದ್ದಿತು. ಅಡುಗೆಮನೆಯ ಕಿಟಕಿಯೂ ತೆರೆಯಿತು.

"ಪ್ರಾರ್ಥನೆ ಎಲ್ಲಿ?" ಎಂದಳು ದೋನ್ಯಾ.

"ಇವತ್ತು ಮನಸ್ಸಲ್ಲೇ ಮಾಡ್ಕೊಂಡೆ ಅತ್ತೆ."

"ಆರಿಸು ಅದನ್ನ."

ಆರಿಸಿದ.

"ಎಸ್ಪನ್ಯೋಲಾದಲ್ಲಿ ಯಂತ್ರ ಬಿಚ್ಚಿದ್ರು ಅಂತ ಪ್ರಾರ್ಥನೆನೂ ಅಲ್ಲೇ ಬಿಟ್ಟು ಬಂದ್ಯಾ?"

ಓನೋಫ್ರೆ ಹೆಂಡತಿಗಾಗಿ ಕಿಟಕಿಯೊಳಗೆ ಇಣುಕಿದ. ಅತ್ತೆಯ ಹಿಂದಿನಿಂದ ಬರ್ನೀಸಳ ಧ್ವನಿ ಬಂತು: "ನನ್ನ ನೋಡ್ಬೇಡ. ನಾನು ಹೇಳಿಲ್ಲ."

"ಇವಳು ಯಾಕೆ ಹೇಳ್ಬೇಕು? ಲಾಲೊ ಆಸ್ತಮಾ ಅಂದ. ಆಸ್ತಮಾಕ್ಕೆ ಎಲ್ಲಾದ್ರೂ ಹಾರ್ನು ಹೊಡ್ಕೊಳ್ಳುತ್ತಾ? ಆಗ್ಲೇ ವಿಚಾರಿಸಿ ತಿಳ್ಕೊಂಡಿದ್ದೆ."

"ಮತ್ತೆ... ನಾನು ಭಕ್ತ ಅಂತ ಊರಿಗೆಲ್ಲ ನೀವೇ..."

"ನಾನೇ. ನಿಮ್ಮ ಮಾವ ದಿನಾ ಆಣೆ ಮಾಡ್ತಿದ್ದ, ಅದಕ್ಕೇ ನಾನು ನಾಲಿಗೆ ನಂಬಲ್ಲ. ನೀನು ಊದಿ, ಟ್ರಕ್ಕು ಶುರುವಾದ ಸದ್ದು ಕೇಳಿದ್ಮೇಲೇ ಈ ಒಂದು ವರ್ಷ ನಾನು ಕಾಫಿ ಕುಡಿದಿದ್ದು. ಆದ್ರೆ ಯಂತ್ರದೋರು ಬಿಚ್ಕೊಂಡು ಹೋಗ್ತಾರೆ, ಊರಿನೋರು ಹೋಗಲ್ಲ. ಇನ್ಮೇಲೆ ನೀನು ಕುಡಿದ್ರೆ ಆ ತಿಬುರ್ಸಿಯೊ ಮುದುಕ ನಿನ್ನ ಮುಂದೆ ಬಂದು ನಿಂತು ಅಳ್ತಾನೆ. ತಡ್ಕೋತೀಯಾ?"

ಓನೋಫ್ರೆ ಯೋಚಿಸಿ ನೋಡಿದ. "ಇಲ್ಲ ಅತ್ತೆ."

"ಹಾಗಾದ್ರೆ ಗುನುಗು. ಕಾಫಿ ಆರ್ತಾ ಇದೆ."

ಅವನು ತಲೆ ಬಗ್ಗಿಸಿ, ಯಂತ್ರವಿದ್ದ ಖಾಲಿ ಜಾಗದ ಕಡೆ, ಅದೇ ಸ್ವರದಲ್ಲಿ ಉದ್ದಕ್ಕೆ ಗುನುಗಿದ. ಕಿಟಕಿಯಲ್ಲಿ ಕಾಫಿ ಲೋಟ ಮೇಲೆದ್ದಿತು. ಅವನು ಕೀ ತಿರುಗಿಸಿದ.

ಯಂತ್ರ ತೆಗೆದ ಬಳಿಕವೂ ಆ ಟ್ರಕ್ಕು ಗುನುಗದೆ ಹೊರಡುವುದಿಲ್ಲವೆಂದು ಕಂಡುಬಂದಿದೆ.